ಲಷ್ಕರ್ ಮೊಹಲ್ಲಾದಲ್ಲಿ ಬಿದ್ದ ಆಕಾಶದ ಕಾಳು

ಲಷ್ಕರ್ ಮೊಹಲ್ಲಾ, ಮೈಸೂರು
೪ ಮೇ ೧೯೫೮

ಚಿ. ವಸಂತಳಿಗೆ,

ಒಂದು ದಸರಾದಲ್ಲಿ ಅರಮನೆಯ ಅಷ್ಟೂ ದೀಪಗಳು ಒಮ್ಮೆಗೇ ಆರಿಹೋದವು. ಎಂಜಿನಿಯರುಗಳು ಬೆವರು ಒರೆಸಿಕೊಳ್ಳುತ್ತ ನಿಂತಿದ್ದರು. ಆಗ ಜನರ ನಡುವಿನಿಂದ ಒಬ್ಬ ಎದ್ದು ಬಂದು, ಒಂದೇ ಒಂದು ಲಾರಿ ಬ್ಯಾಟರಿಗೆ ಎರಡು ತಂತಿ ಸಿಕ್ಕಿಸಿ ಇಡೀ ಅರಮನೆಯನ್ನು ಮತ್ತೆ ಹೊತ್ತಿಸಿದ. ಆ ಒಬ್ಬ ಯಾರೆಂದು ನನ್ನ ಬಾಯಿಂದ ನಾನು ಹೇಳಿಕೊಳ್ಳುವವನಲ್ಲ. ಅವನ ಹೆಸರು ಮಹದೇವು. ಲಷ್ಕರ್ ಮೊಹಲ್ಲಾದಲ್ಲಿ ಮೈಕ್ ಸೆಟ್, ಗ್ಯಾಸ್‌ಲೈಟ್ ಬಾಡಿಗೆಗೆ ಕೊಡುತ್ತಾನೆ. ನಿನ್ನ ಅವ್ವ ಶಿವನಂಜಮ್ಮನ ಒಡಹುಟ್ಟಿದ ತಮ್ಮ. ಅಂಥವನ ಅಟ್ಟದ ಮೇಲೆ ನಿನ್ನ ಯಂತ್ರ ಕೂತಿದೆ. ಆದ್ದರಿಂದ ಅದರ ಚಿಂತೆ ಬಿಟ್ಟು ನಿನ್ನ ಆರೋಗ್ಯದ ಚಿಂತೆ ಮಾಡು.

ನೀನು ಬೊಂಬಾಯಿಯಲ್ಲಿ ಒಂದೇ ಅಚ್ಚಿನ ಎರಡು ಯಂತ್ರ ಕಟ್ಟಿ, ಒಂದನ್ನು ಹೆಗಲಿಗೇರಿಸಿಕೊಂಡು ಸ್ವೀಡನ್ನಿಗೆ ಹೋದೆ, ಇನ್ನೊಂದನ್ನು ನನಗೆ ಒಪ್ಪಿಸಿದೆ. ಕಾಲೇಜಿನವರ ಕಟ್ಟಡ ಬಿಟ್ಟು ನನ್ನ ಅಂಗಡಿಯನ್ನು ಆರಿಸಿದ್ದು ಬ್ಯಾಟರಿಗಳಿಗೋಸ್ಕರ ಎಂದು ನೀನು ಎಲ್ಲರಿಗೂ ಹೇಳಿದೆ. ನಿಜವಾದ ಕಾರಣ ನನಗೆ ಗೊತ್ತು. ನಾನು ಮಂಡಕಳ್ಳಿ ಶಾಲೆಯಲ್ಲಿ ನಾಲ್ಕನೆಯ ಕ್ಲಾಸಿಗೇ ಓದು ನಿಲ್ಲಿಸಿದ್ದು ಮೇಷ್ಟರಿಗೆ ಹೇಳಿಕೊಡಲು ಏನೂ ಉಳಿದಿರಲಿಲ್ಲವಾದ್ದರಿಂದ.

ನೀನು ಹೇಳಿದ್ದೆಲ್ಲ ನೆನಪಿದೆ. ಸೀಸದ ಇಟ್ಟಿಗೆಗಳ ನಡುವೆ ಮಲಗಿರುವ ಮೂರು ಕೊಳವೆಗಳನ್ನು ಮುಟ್ಟಬಾರದು. ಬ್ಯಾಟರಿ ಇಳಿಯಬಾರದು. ಕಾಗದದ ಸುರುಳಿಯ ಮೇಲೆ ಲೇಖನಿ ಗೆರೆ ಎಳೆಯುತ್ತಲೇ ಇರಬೇಕು. ಸುರುಳಿಗಳನ್ನು ಹಡಗಿನ ಟಪಾಲಿಗೆ ಹಾಕಬೇಕು, ಅವು ತಲುಪಲು ಎರಡು ತಿಂಗಳಾಗುವುದರಿಂದ ಹದಿನೈದು ದಿನಕ್ಕೊಮ್ಮೆ ಸಾರಾಂಶವನ್ನು ವಿಮಾನದ ಟಪಾಲಿನಲ್ಲಿ ಬರೆಯಬೇಕು. ಬರೆದೆ: ನಿಮಿಷಕ್ಕೆ ಇಪ್ಪತ್ತು, ಹೆಚ್ಚುಕಡಿಮೆ. ಎಲ್ಲ ಸುಖ.

ಅಲ್ಲಿ ಯಾವ ಕೆಲಸ ಶುರುಮಾಡಿದರೂ ರಾಹುಕಾಲ ನೋಡಿಕೋ. ಅವರಿಗೆ ಗೊತ್ತಿರುವುದಿಲ್ಲ, ಪಾಪ. ನೀನೇ ಹೇಳಿಕೊಡು.

ಮಹದೇವು ಮಾವ

*

ಕಿರುನಾ, ಉತ್ತರ ಸ್ವೀಡನ್
೧೪ ಜೂನ್ ೧೯೫೮

ಪ್ರೀತಿಯ ಮಾವನಿಗೆ,

ನಿಮ್ಮ ರಾಹುಕಾಲದಿಂದ ನಾನು ದೊಡ್ಡ ಕಷ್ಟಕ್ಕೆ ಸಿಕ್ಕಿಕೊಂಡಿದ್ದೇನೆ. ಸೂರ್ಯೋದಯದಿಂದ ಸೂರ್ಯಾಸ್ತದವರೆಗಿನ ಹೊತ್ತನ್ನು ಎಂಟು ಪಾಲು ಮಾಡಿ, ಒಂದು ಪಾಲನ್ನು ರಾಹುವಿಗೆ ಬಿಡಬೇಕಲ್ಲವೇ? ಇಲ್ಲಿ ಈಗ ಸೂರ್ಯ ಮುಳುಗುವುದೇ ಇಲ್ಲ. ದಿಗಂತದ ಹತ್ತಿರ ಬಂದು, ಒಳಗೆ ಹೋಗಲೋ ಬೇಡವೋ ಎಂದು ಯೋಚಿಸಿ, ಹಾಗೇ ಮೇಲಕ್ಕೆ ಹೊರಟುಬಿಡುತ್ತಾನೆ. ಲೆಕ್ಕದ ಪ್ರಕಾರ ನನಗೆ ದಿನಕ್ಕೆ ಮೂರು ಗಂಟೆ ರಾಹುಕಾಲ. ಡಿಸೆಂಬರಿನಲ್ಲಿ ಸೂರ್ಯ ಹುಟ್ಟುವುದೇ ಇಲ್ಲವಂತೆ. ಆಗ ಏನು ಮಾಡುವುದು ಎಂದು ಅತ್ತೆಯನ್ನು ಕೇಳಿ ಬರೆಯಿರಿ.

ನಾವು ಎಣಿಸುತ್ತಿರುವುದು ಏನೆಂದು ನಾನು ಹೊರಡುವ ದಿನ ನೀವು ಕೇಳಿದ್ದಿರಿ. ರೈಲು ಸಿಳ್ಳೆ ಹಾಕಿಬಿಟ್ಟಿತು. ಈಗ ಹೇಳುತ್ತೇನೆ. ನಕ್ಷತ್ರಗಳ ಆಚೆ ಎಲ್ಲಿಂದಲೋ ಕಣ್ಣಿಗೆ ಕಾಣದ ಕಣಗಳು ಹಗಲೂ ರಾತ್ರಿ ಭೂಮಿಯ ಮೇಲೆ ಬೀಳುತ್ತಿವೆ. ಅವನ್ನು ವಿಶ್ವಕಿರಣ ಎನ್ನುತ್ತೇವೆ. ಭೂಮಿ ಒಂದು ದೊಡ್ಡ ಅಯಸ್ಕಾಂತ. ಮೈಸೂರಿನಂಥ ಕಡೆ ಅದು ಬಲವಿಲ್ಲದ ಕಣಗಳನ್ನು ದೂರದಿಂದಲೇ ತಿರುಗಿಸಿ ಕಳಿಸುತ್ತದೆ, ಬಹಳ ಬಲವಿದ್ದವು ಮಾತ್ರ ಒಳಗೆ ಬರುತ್ತವೆ. ಧ್ರುವದ ಹತ್ತಿರ ಆ ಕಾವಲು ಸಡಿಲ. ಚಿಕ್ಕವೂ ನುಸುಳುತ್ತವೆ. ಅದಕ್ಕೇ ಒಂದೇ ಅಚ್ಚಿನ ಎರಡು ಯಂತ್ರ, ಒಂದು ನಿಮ್ಮಲ್ಲಿ, ಒಂದು ಇಲ್ಲಿ. ನಿಮ್ಮ ಎಣಿಕೆ ಇಲ್ಲದಿದ್ದರೆ ನನ್ನದು ಅರ್ಧ ಮಾತು.

ನನ್ನ ಕೆಲಸ ಡಿಸೆಂಬರಿನವರೆಗೆ ಮಾತ್ರ. ನಾನು ಕಟ್ಟಿದ ಯಂತ್ರ ನಂಬಿಕೆಗೆ ಅರ್ಹ ಎಂದು ತೋರಿದರೆ ಇನ್ನೊಂದು ಚಳಿಗಾಲ ಉಳಿಸಿಕೊಳ್ಳುತ್ತಾರೆ. ಹಿರಿಯರಾದ ಡಾಕ್ಟರ್ ಲಿಂಡ್ ಮೃದುವಾದ ಮನುಷ್ಯರು, ಆದರೆ ಯಾವುದನ್ನೂ ಎರಡು ಸಲ ನೋಡದೆ ಒಪ್ಪುವುದಿಲ್ಲ. ನನಗೆ ಉಳಿಯುವ ಆಸೆ ಇದೆ ಮಾವ. ಅವ್ವನಿಗೆ ಇದನ್ನು ಹೇಳಬೇಡಿ.

ವಸಂತ

*

ಲಷ್ಕರ್ ಮೊಹಲ್ಲಾ, ಮೈಸೂರು
೨ ಜುಲೈ ೧೯೫೮

ಚಿ. ವಸಂತಳಿಗೆ,

ನಿನ್ನ ಪತ್ರವನ್ನು ಅಂಗಡಿಯಲ್ಲಿ ಎಲ್ಲರಿಗೂ ಓದಿ ಹೇಳಿದೆ. ಬಲವಿದ್ದವು ಮಾತ್ರ ಮೈಸೂರಿಗೆ ಬರುತ್ತವೆ ಎಂಬ ಸಾಲನ್ನು ಇನ್ನೊಮ್ಮೆ ಓದಿಸಿದರು. ಇದು ನಮಗೆ ಮೊದಲೇ ಗೊತ್ತಿದ್ದ ಸಂಗತಿ. ಸಿಕ್ಕಸಿಕ್ಕವರೆಲ್ಲ ಬರಲು ಇದೇನು ಬಸ್ ಸ್ಟ್ಯಾಂಡೇ? ಪುಡಿ ಕಾಳನ್ನೆಲ್ಲ ನೀನು ಅಲ್ಲಿ ಆಯ್ದುಕೊಳ್ಳುತ್ತಿರು, ಗಟ್ಟಿ ಕಾಳನ್ನು ನಾನು ಇಲ್ಲಿ ನೋಡಿಕೊಳ್ಳುತ್ತೇನೆ. ಎದುರಿನ ಪಾತ್ರೆ ಅಂಗಡಿಯ ಚನ್ನಬಸವಯ್ಯ ಮಾತ್ರ, 'ಕಣ್ಣಿಗೆ ಕಾಣ್ದಿರೋದ್ನ ಎಣಿಸ್ತೀನಿ ಅಂತಾನಲ್ಲ, ಇವ್ನು ನನ್ ಬಾಕೀನೂ ಅಂಗೇ ಎಣಿಸ್ಬುಟ್ಟಾನು' ಎಂದ. ಅವನಿಗೆ ವಿಜ್ಞಾನ ತಿಳಿಯುವುದಿಲ್ಲ.

ನಿಮ್ಮತ್ತೆಯನ್ನು ಕೇಳಿದೆ. ದೇವಿರಮ್ಮ ರೊಟ್ಟಿ ತಟ್ಟುತ್ತಲೇ ಹೇಳಿದಳು: 'ಸೂರ್ಯಾನೇ ಹುಟ್ದಿದ್ಮೇಲೆ ರಾಹು ಯಾರ್ ಮನೇಗ್ ಹೋದಾನು? ಡಿಸೆಂಬರ್ ಪೂರ್ತಿ ಒಳ್ಳೇ ಕಾಲ ಅನ್ನು.' ಆದ್ದರಿಂದ ನಿನ್ನ ಮುಖ್ಯ ಕೆಲಸಗಳನ್ನೆಲ್ಲ ಡಿಸೆಂಬರಿಗೆ ಇಟ್ಟುಕೋ.

ನಾನು ಒಂದು ಕೆಲಸ ಮಾಡಿದ್ದೇನೆ, ಬೈಯಬೇಡ. ಹಳೆಯ ಟೆಲಿಫೋನಿನ ಕಿವಿಯ ತುಂಡೊಂದನ್ನು ನಿನ್ನ ಯಂತ್ರದ ತುದಿಗೆ ಕಟ್ಟಿ ಕೇಳಿದೆ. ಕೊಳವೆಗಳನ್ನು ಮುಟ್ಟಿಲ್ಲ. ವಸಂತಾ, ಏನು ಹೇಳಲಿ! ಟಿಕ್. ಸುಮ್ಮನೆ. ಟಿಕ್ ಟಿಕ್. ಮತ್ತೆ ಸುಮ್ಮನೆ. ಒಂದೊಂದೂ ನಕ್ಷತ್ರದ ಆಚೆಯಿಂದ ಹೊರಟು ನನ್ನ ತಗಡಿನ ಸೂರು ತೂರಿ ಬಂದದ್ದು. ಇಪ್ಪತ್ತು ವರ್ಷ ಮದುವೆ ಮನೆಗಳಲ್ಲಿ ಎಂಥೆಂಥ ನಾದಸ್ವರ ಮೊಳಗಿಸಿದ್ದೇನೆ, ಹೀಗೆ ಮೈ ಜುಮ್ಮೆಂದಿರಲಿಲ್ಲ. ಆ ಹೊತ್ತಿಗೆ ನೆನಪಾದದ್ದು ನೀನು. ಕೆರೆ ಏರಿಯ ಮೇಲೆ ಕೂತು ನಕ್ಷತ್ರ ಎಣಿಸಿ ತಪ್ಪಿ ಮತ್ತೆ ಮೊದಲಿನಿಂದ ಎಣಿಸುತ್ತಿದ್ದ ಕೂಸು ಇವತ್ತು ಇದನ್ನು ಹಿಡಿಯುವ ಪೆಟ್ಟಿಗೆ ಕಟ್ಟಿದೆ. ನಮ್ಮ ವಂಶದಲ್ಲಿ ಇಂಥ ತಲೆ ನನ್ನದಾದ ಮೇಲೆ ನಿನ್ನದೇ.

ಅದಕ್ಕೆ ತಾಳ ಇಲ್ಲದಂತೆ ಕೇಳುತ್ತದೆ. ಆದರೆ ಇದೆ. ಹಿಡಿಯುವ ಹತ್ತಿರ ಇದ್ದೇನೆ.

ಮಹದೇವು ಮಾವ

*

ಕಿರುನಾ
೫ ಸೆಪ್ಟೆಂಬರ್ ೧೯೫೮

ಪ್ರೀತಿಯ ಮಾವನಿಗೆ,

ಹತ್ತಿರಹತ್ತಿರ ಮೂರು ತಿಂಗಳು ಬರೆಯಲಿಲ್ಲ. ಕೆಲಸ ಎಂದು ಹೇಳಬಹುದು. ಯಂತ್ರವನ್ನು ಊರಾಚೆಯ ಮರದ ಗುಡಿಸಲಿಗೆ ಸಾಗಿಸಿ, ಬಿಟ್ಟುಹೋದ ಬೆಸುಗೆಗಳನ್ನೆಲ್ಲ ನಾನೇ ಮತ್ತೆ ಹಾಕಿದೆ. ಈಗ ಅದು ಸರಿಯಾಗಿ ಎಣಿಸುತ್ತಿದೆ. ನಿಮ್ಮ ಸಾರಾಂಶಗಳು ತಪ್ಪದೆ ಬರುತ್ತಿವೆ. ಅವನ್ನು ಡಾಕ್ಟರ್ ಲಿಂಡ್ ಅವರಿಗೆ ತೋರಿಸಿದೆ. 'ಮೈಸೂರಿನ ಯಂತ್ರ ನೋಡಿಕೊಳ್ಳುವವರು ಯಾರು?' ಎಂದರು. 'ನನ್ನ ಮಾವ, ನಾನು ಕಂಡವರಲ್ಲೆಲ್ಲ ಬ್ಯಾಟರಿಯ ಮನಸ್ಸು ಬಲ್ಲವರು' ಎಂದೆ. ಅವರು ತಲೆದೂಗಿದರು. ನಿಮ್ಮ ಹೆಸರನ್ನು ಬರೆದುಕೊಂಡರು ಕೂಡ.

ತಾಳ ಹುಡುಕಬೇಡಿ ಮಾವ, ಇಲ್ಲ. ಮುಂದಿನ ಟಿಕ್ ಯಾವಾಗ ಎಂದು ಜಗತ್ತಿನಲ್ಲಿ ಯಾರೂ ಹೇಳಲಾರರು. ಒಂದು ಗಂಟೆಗೆ ಒಟ್ಟು ಎಷ್ಟು ಎಂದು ಕೇಳಿದರೆ ಮಾತ್ರ ಹೆಚ್ಚುಕಡಿಮೆ ಸರಿಯಾಗಿ ಹೇಳಬಹುದು. ಒಂದೊಂದೂ ತನ್ನಿಷ್ಟದಂತೆ ಬಂದರೂ ಎಲ್ಲ ಸೇರಿದರೆ ಲೆಕ್ಕ ತಪ್ಪುವುದಿಲ್ಲ. ಇದು ನನಗೆ ಈಗಲೂ ಅಚ್ಚರಿ.

ನಿನ್ನೆ ಇಲ್ಲಿ ಮೊದಲ ಸಲ ಕತ್ತಲಾದಂತೆ ಕತ್ತಲಾಯಿತು. ಆಕಾಶದಲ್ಲಿ ಹಸಿರು ಬೆಳಕು ಸೀರೆಯ ಸೆರಗಿನಂತೆ ಅಲುಗಿತು. ಪಕ್ಕದಲ್ಲಿ ಯಾರಾದರೂ 'ಅಯ್ಯೋ, ನೋಡೇ' ಎನ್ನಬೇಕಿತ್ತು. ಯಾರೂ ಇರಲಿಲ್ಲ. ನಾನೇ ಕನ್ನಡದಲ್ಲಿ ಹೇಳಿಕೊಂಡೆ.

ವಸಂತ

*

ಲಷ್ಕರ್ ಮೊಹಲ್ಲಾ, ಮೈಸೂರು
೨೬ ಅಕ್ಟೋಬರ್ ೧೯೫೮

ಚಿ. ವಸಂತಳಿಗೆ,

ಡಾಕ್ಟರು ನನ್ನ ಹೆಸರು ಬರೆದುಕೊಂಡ ಸುದ್ದಿ ಲಷ್ಕರ್ ಮೊಹಲ್ಲಾ ದಾಟಿ ಕೃಷ್ಣಮೂರ್ತಿಪುರಂವರೆಗೂ ಹೋಗಿದೆ. ಹೇಗೆ ಹೋಯಿತೋ ಗೊತ್ತಿಲ್ಲ, ನಾನು ಬರೀ ಎಂಟು ಹತ್ತು ಜನಕ್ಕೆ ಹೇಳಿದ್ದೆ.

ಈ ಸಲದ ಆಯುಧಪೂಜೆಯನ್ನು ನೀನು ನೋಡಬೇಕಿತ್ತು. ಅಂಗಡಿಯ ಸಮಸ್ತ ಸಾಮಾನನ್ನೂ ತೊಳೆದು ಒರೆಸಿ, ವಿಭೂತಿ ಕುಂಕುಮ ಇಟ್ಟು, ಚಾಮುಂಡಿಯ ಪಟದ ಮುಂದೆ ಸಾಲಾಗಿ ಜೋಡಿಸಿ, ಬೂದುಗುಂಬಳಕಾಯಿ ಒಡೆದೆವು. ಆಮೇಲೆ ನನಗೊಂದು ಯೋಚನೆ ಬಂತು. ಪೂಜೆಯ ದಿನ ಯಂತ್ರದ ಕೈಲಿ ದುಡಿಸಬಾರದು, ಸರಿ. ಹಾಡಿಸಬಾರದು ಎಂದು ಯಾವ ಶಾಸ್ತ್ರವೂ ಹೇಳಿಲ್ಲ. ನಿನ್ನ ಯಂತ್ರದಿಂದ ಒಂದು ತಂತಿ ಎಳೆದು ನನ್ನ ದೊಡ್ಡ ಹಾರನ್ನಿಗೆ ಕೊಟ್ಟೆ. ಬೀದಿಗೆಲ್ಲ ಕೇಳಿಸುವಂತೆ ಟಿಕ್ ಎಂದಿತು!

ಚನ್ನಬಸವಯ್ಯ ಗಲ್ಲಾಪೆಟ್ಟಿಗೆ ಬಿಟ್ಟು ಎದ್ದು ಬಂದ. 'ಏನ್ ಮಾದೇವಣ್ಣ, ಕಿವಿ ಕಿತ್ತೋಗಂಗೆ ಹಾಡ್ ಹಾಕ್ತಿದ್ದೋನು, ಇವತ್ತು ಬರೀ ಹಲ್ಲಿ ಲೊಚಗುಟ್ಟಿಸ್ತಾ ಇದೀಯ?'

'ಹಲ್ಲಿ ಅಲ್ಲ ಕಣಯ್ಯ, ನಕ್ಷತ್ರದ ಕಾಳು. ಆಕಾಶದಿಂದ ಬೀಳ್ತಾ ಅವೆ.'

ಹೂ ಮಾರುವ ಬೋರಮ್ಮ ಬುಟ್ಟಿ ಇಳಿಸಿ ಮೇಲೆ ನೋಡಿದಳು. 'ನನ್ ತಲೆ ಮೇಲೂ ಬೀಳ್ತಾ ಅದಾ?'

'ಎಲ್ರ ತಲೆ ಮೇಲೂ ಬೀಳ್ತಾ ಅದೆ ಕಣವ್ವ. ಮೈಯಲ್ಲಿ ತೂರ್ಕೊಂಡ್ ಹೋಯ್ತದೆ.'

'ಅಂಗಾದ್ರೆ ನನ್ ಸೊಂಟದಲ್ಲಿ ಚುಳುಕ್ ಅನ್ನೋದು ಇದೇಯಾ,' ಎಂದು ಅವಳು ಅಲ್ಲೇ ಕೂತುಬಿಟ್ಟಳು. ಜನ ಸೇರಿದರು. ವಸಂತಾ, ಸ್ವಲ್ಪ ಹೊತ್ತಿಗೆ ಎಲ್ಲರೂ ಮಾತು ನಿಲ್ಲಿಸಿದರು. ಹಬ್ಬದ ದಿನ ಲಷ್ಕರ್ ಮೊಹಲ್ಲಾ ಮೌನವಾಗಿ ನಿಂತು ಕೇಳಿದ್ದನ್ನು ನಾನು ಹುಟ್ಟಿದಾಗಿನಿಂದ ಕಂಡಿರಲಿಲ್ಲ. ಟಿಕ್ ಎಂದಾಗಲೆಲ್ಲ ಬೋರಮ್ಮ ಕೈ ಮುಗಿಯುತ್ತಿದ್ದಳು. 'ಇದನ್ನ ಮಾಡಿದೋಳು ನನ್ನ ಸೊಸೆ, ನಮ್ಮಕ್ಕನ ಮಗಳು' ಎಂದು ನಾನು ಮೈಕಿನಲ್ಲೇ ಹೇಳಿದೆ. ಎರಡು ಸಲ.

ಚನ್ನಬಸವಯ್ಯನಿಗೆ ತಡೆಯಲಿಲ್ಲ. 'ಗಂಟೆಗೆ ಎಷ್ಟು ಬೀಳ್ತದೆ ಅಂತ ಹೇಳ್ಬಲ್ಲೆಯಾ?' ಎಂದ. ಒಟ್ಟು ಲೆಕ್ಕ ತಪ್ಪುವುದಿಲ್ಲ ಎಂದು ನೀನೇ ಬರೆದಿದ್ದೆಯಲ್ಲ. ನಿನ್ನ ಮಾತಿನ ಮೇಲೆ ಪಂಥ ಕಟ್ಟಿದೆ. ನಿಮಿಷಕ್ಕೆ ಇಪ್ಪತ್ತರಂತೆ ಗಂಟೆಗೆ ಸಾವಿರದ ಇನ್ನೂರು. ಅದಕ್ಕಿಂತ ಕಡಿಮೆ ಬಿದ್ದ ಪ್ರತಿ ಕಾಳಿಗೆ ನಾನು ಅವನಿಗೆ ಹತ್ತು ನಯಾಪೈಸೆ ಕೊಡಬೇಕು, ಹೆಚ್ಚು ಬಿದ್ದ ಪ್ರತಿ ಕಾಳಿಗೆ ಅವನು ನನಗೆ. ಎಣಿಸಲು ಸಂತೆಪೇಟೆಯಲ್ಲಿ ಧಾನ್ಯ ಅಳೆಯುವ ಬೀರಯ್ಯನನ್ನು ಕೂರಿಸಿದೆವು. ದಿನವಿಡೀ ಸೇರು ಎಣಿಸಿ ರೂಢಿಯಾದ ಬಾಯಿ. ಒಂದು ಎನ್ನದೆ 'ಲಾಭ' ಎಂದೇ ಶುರುಮಾಡಿದ. ಲಾಭ, ಎರಡು, ಮೂರು ಎನ್ನುತ್ತ, ಇಪ್ಪತ್ತಕ್ಕೊಂದು ಹುಣಸೆಬೀಜ ಪಕ್ಕಕ್ಕಿಟ್ಟು, ಊಟವಾದ ಮೇಲಿನಿಂದ ದೀಪ ಹಚ್ಚುವವರೆಗೆ ನಾಲ್ಕು ಗಂಟೆ ಎಣಿಸಿದ.

ಪಂಥದಲ್ಲಿ ಎರಡು ರೂಪಾಯಿ ಸೋತೆ. ಬೇಕೆಂದೇ ಸೋತೆ ಅನ್ನು. ಹಬ್ಬದ ದಿನ ನೆರೆಯವನ ಮುಖ ಬಾಡಬಾರದು.

ಮಹದೇವು ಮಾವ

*

ಕಿರುನಾ
೫ ನವೆಂಬರ್ ೧೯೫೮

ಪ್ರೀತಿಯ ಮಾವನಿಗೆ,

ನಿಮ್ಮ ಪತ್ರ ಓದಿ ಗುಡಿಸಲಿನಲ್ಲಿ ಒಬ್ಬಳೇ ಜೋರಾಗಿ ನಕ್ಕೆ. ಬೋರಮ್ಮನ ಸೊಂಟದ ವಿಷಯವನ್ನು ಡಾಕ್ಟರ್ ಲಿಂಡ್ ಅವರಿಗೂ ಹೇಳಿದೆ, ಅವರೂ ನಕ್ಕರು. ಬೈಯಬೇಕೆಂದಿದ್ದೆ, ಬೈಯಲಾಗಲಿಲ್ಲ. ಇಷ್ಟು ದೊಡ್ಡ ಸಂಸ್ಥೆಗಳಲ್ಲಿ ಯಾರೂ ಒಂದು ಬೀದಿಗೆ ಬೀದಿಯನ್ನೇ ನಿಲ್ಲಿಸಿ ಇದನ್ನು ಕೇಳಿಸಿಲ್ಲ.

ಈಗ ಒಂದು ಮುಖ್ಯ ಮಾತು. ನನಗೆ ಬೇಕಾಗಿರುವುದು ಅದೇ ದಿನದ, ಆಯುಧಪೂಜೆಯ ದಿನದ ಮೈಸೂರಿನ ಎಣಿಕೆ. ಸುರುಳಿ ಇನ್ನೂ ಹಡಗಿನಲ್ಲಿದೆ. ಲೇಖನಿ ಎಳೆದ ಗೆರೆ ಆ ದಿನ ಹೇಗಿತ್ತು ಎಂದು ನೋಡಿದ್ದನ್ನು ನೋಡಿದಂತೆಯೇ ಬರೆಯಿರಿ. ಏಕೆ ಎಂದು ಹೇಳುವುದಿಲ್ಲ. ಹೇಳಿದರೆ ನಿಮ್ಮ ಪ್ರೀತಿ ನನ್ನ ಕಡೆಗೆ ವಾಲುತ್ತದೆ. ಡಿಸೆಂಬರ್ ಹದಿನೈದಕ್ಕೆ ಇಲ್ಲಿ ಸಭೆ. ನಾನು ಉಳಿಯುವುದೋ ಹೊರಡುವುದೋ ನಿಮ್ಮ ಆ ಒಂದು ಉತ್ತರದ ಮೇಲಿದೆ.

ವಸಂತ

*

ಲಷ್ಕರ್ ಮೊಹಲ್ಲಾ, ಮೈಸೂರು
೧೫ ನವೆಂಬರ್ ೧೯೫೮

ಚಿ. ವಸಂತಳಿಗೆ,

ನನ್ನನ್ನು ಪರೀಕ್ಷೆ ಮಾಡುತ್ತಿದ್ದಾರೆ ಎಂದು ಓದಿದ ಕೂಡಲೇ ತಿಳಿಯಿತು. ಮೈಸೂರಿನವರು ಹಬ್ಬ ಹರಿದಿನ ಎಂದು ಕೆಲಸ ಕೆಡಿಸುತ್ತಾರೋ ಎಂದು ನಿಮ್ಮ ಡಾಕ್ಟರಿಗೆ ಅನುಮಾನ. ಆಗಲಿ. ಈ ಪತ್ರವನ್ನು ಸಭೆಯ ಮುಂದೆ ಇಡು.

ಆಯುಧಪೂಜೆಯ ದಿನ ಮೈಸೂರಿನ ಯಂತ್ರ ಎಂದಿನಂತೆ ನಡೆಯಿತು. ಗೆರೆ ನೆಟ್ಟಗೆ. ನಿಮಿಷಕ್ಕೆ ಇಪ್ಪತ್ತು. ಹಿಂದಿನ ದಿನ ಹೇಗೋ ಆ ದಿನವೂ ಹಾಗೆ, ಒಂದು ಕಾಳು ಹೆಚ್ಚಿಲ್ಲ, ಒಂದು ಕಾಳು ಕಡಿಮೆಯಿಲ್ಲ. ಚಾಮುಂಡಿ ಬೆಟ್ಟ ಅಲುಗಿದರೆ ಮಹದೇವುವಿನ ಯಂತ್ರ ಅಲುಗೀತು.

ನಿನ್ನ ಕೆಲಸ ಗಟ್ಟಿಯಾಯಿತೆಂದು ತಿಳಿದು ಅತ್ತೆ ಈಗಲೇ ಚಟ್ನಿಪುಡಿ ಕುಟ್ಟುತ್ತಿದ್ದಾಳೆ, ಎರಡನೆಯ ಚಳಿಗಾಲಕ್ಕೆ.

ಮಹದೇವು ಮಾವ

*

ಕಿರುನಾ
೨೫ ನವೆಂಬರ್ ೧೯೫೮

ಪ್ರೀತಿಯ ಮಾವನಿಗೆ,

ನಿಮ್ಮ ಪತ್ರವನ್ನು ಡಾಕ್ಟರ್ ಲಿಂಡ್ ಅವರಿಗೆ ಓದಿ ಹೇಳಿದೆ. ಈಗ ಏಕೆ ಕೇಳಿದೆ ಎಂದು ಹೇಳಬಹುದು.

ಸೂರ್ಯನಲ್ಲಿ ದೊಡ್ಡ ಅಬ್ಬರವೆದ್ದರೆ ಒಂದೆರಡು ದಿನ ಬಿಟ್ಟು ಅದು ಭೂಮಿಯನ್ನು ತಲುಪುತ್ತದೆ. ಹಾಗೆ ಬಂದಾಗ ಒಮ್ಮೊಮ್ಮೆ, ಪ್ರತಿಸಲವೂ ಅಲ್ಲ, ನಕ್ಷತ್ರಗಳ ಕಡೆಯಿಂದ ಬರುವ ಕಣಗಳನ್ನು ಅದು ಅಡ್ಡಗಟ್ಟಿ ಆಚೆಗೆ ತಳ್ಳುತ್ತದೆ. ಆಗ ಇಡೀ ಭೂಮಿಯ ಮೇಲೆ ಎಣಿಕೆ ಇಳಿಯುತ್ತದೆ. ಆಯುಧಪೂಜೆಯ ದಿನ ನನ್ನ ಯಂತ್ರದಲ್ಲಿ ನೂರಕ್ಕೆ ಎಂಟರಷ್ಟು ಇಳಿಯಿತು. ಇಷ್ಟು ಚೆನ್ನಾಗಿ ಇಳಿದದ್ದನ್ನು ಇಲ್ಲಿ ಯಾರೂ ಹಿಡಿದಿರಲಿಲ್ಲ. ಖುಷಿಯಿಂದ ಹಿಮದಲ್ಲಿ ಓಡಿಹೋಗಿ ಹೇಳಿದೆ. ಡಾಕ್ಟರ್ ಲಿಂಡ್ ಕೇಳಿದ್ದು ಒಂದೇ ಪ್ರಶ್ನೆ: 'ಇದು ಆಕಾಶದ ಇಳಿತವೋ, ನಿಮ್ಮ ಬೆಸುಗೆಗೆ ಚಳಿ ಹಿಡಿದ ಇಳಿತವೋ?' ಆಕಾಶದ್ದಾದರೆ ಮೈಸೂರಿನಲ್ಲೂ ಇಳಿದಿರಬೇಕು, ಅಲ್ಲಿ ಬಲವಾದ ಕಣಗಳೇ ಬರುವುದರಿಂದ ಸ್ವಲ್ಪ ಕಡಿಮೆ, ನೂರಕ್ಕೆ ಐದರ ಹತ್ತಿರ. ಬೇರೆ ದೇಶಗಳ ಎಣಿಕೆ ಕೈಸೇರಲು ತಿಂಗಳುಗಳು ಬೇಕು. ಸಭೆಗೆ ಮೊದಲು ಬರುವುದು ನಿಮ್ಮದೊಂದೇ.

ನೀವು ಗೆರೆ ನೆಟ್ಟಗಿತ್ತು ಎಂದಿರಿ. ಆದರೂ ಆಸೆ ಬಿಡಲಾರದೆ ನಿಮ್ಮ ಪಂಥವನ್ನೇ ಲೆಕ್ಕ ಹಾಕಿದೆ. ನೀವು ಸೋತದ್ದು ಎರಡು ರೂಪಾಯಿ. ಅಂದರೆ ನಾಲ್ಕು ಗಂಟೆಯಲ್ಲಿ ಇಪ್ಪತ್ತು ಕಾಳು ಕಡಿಮೆ, ಏನೂ ಅಲ್ಲ. ಮೈಸೂರಿನಲ್ಲಿ ನಿಜವಾಗಿ ಇಳಿದಿದ್ದರೆ ಬೀರಯ್ಯನವರ ಎಣಿಕೆಯಲ್ಲಿ ಇನ್ನೂರ ನಲವತ್ತರಷ್ಟು ಕೊರತೆ ಬೀಳಬೇಕಿತ್ತು.

ಹಾಗಾಗಿ ತಪ್ಪು ನನ್ನ ಯಂತ್ರದ್ದೇ. ಸಭೆಯಲ್ಲಿ ಹಾಗೇ ಹೇಳಿ ಆ ದಿನವನ್ನು ಹೊಡೆದುಹಾಕುತ್ತೇನೆ. ಪುಸ್ತಕಗಳನ್ನು ಪೆಟ್ಟಿಗೆಗೆ ತುಂಬುತ್ತಿದ್ದೇನೆ. ನೀವು ಬೇಸರ ಮಾಡಿಕೊಳ್ಳಬೇಡಿ. ಎರಡು ಯಂತ್ರಗಳಲ್ಲಿ ಒಂದು ಸರಿಯಾಗಿ ನಡೆಯಿತು, ಅದು ನಿಮ್ಮದು. ನನಗೆ ನಿಮ್ಮ ಬಗ್ಗೆ ಹೆಮ್ಮೆ ಇದೆ.

ಚಟ್ನಿಪುಡಿ ಕಳಿಸಬೇಡಿ. ನಾನೇ ಬಂದು ತಿನ್ನುತ್ತೇನೆ.

ವಸಂತ

*

ಲಷ್ಕರ್ ಮೊಹಲ್ಲಾ, ಮೈಸೂರು
೪ ಡಿಸೆಂಬರ್ ೧೯೫೮

ಅವ್ವಾ ವಸಂತಾ,

ಪೆಟ್ಟಿಗೆ ಬಿಚ್ಚು. ಪುಸ್ತಕಗಳನ್ನು ಮತ್ತೆ ಜೋಡಿಸಿಡು. ಈ ಪತ್ರ ಬರುವ ಮೊದಲೇ ನನ್ನ ತಂತಿ ತಲುಪಿರಬೇಕು: 'ಹೊರಡಬೇಡ, ಮೈಸೂರಿನಲ್ಲೂ ಇಳಿದಿತ್ತು, ಪತ್ರ ಬರುತ್ತಿದೆ.' ಎಷ್ಟು ಇಳಿದಿತ್ತೆಂದು ತಂತಿಯಲ್ಲಿ ಹಾಕಬಹುದಿತ್ತು. ತಂತಿ ಆಫೀಸಿನವನು ನಮ್ಮ ಬೀದಿಯವನು, ಅವನ ಮುಂದೆ ಹೇಳಲು ಬಾಯಿ ಬರಲಿಲ್ಲ. ಇಷ್ಟೆಲ್ಲ ಆದ ಮೇಲೂ.

ನಿನ್ನ ಪತ್ರ ನಿನ್ನೆ ಬಂತು. ನನ್ನ ಹೊಗಳಿಕೆ ಇರುತ್ತದೆಂದು ಒಡೆಯುವ ಮೊದಲೇ ಜನ ಸೇರಿಸಿದೆ. ಚನ್ನಬಸವಯ್ಯ, ಬೀರಯ್ಯ, ಬೋರಮ್ಮ, ಇನ್ನೂ ನಾಲ್ಕಾರು ಮಂದಿ. ಗಟ್ಟಿಯಾಗಿ ಓದುತ್ತ ಹೋದೆ. 'ನೀವು ಸೋತದ್ದು ಎರಡು ರೂಪಾಯಿ' ಎಂಬಲ್ಲಿಗೆ ಬಂದೆ. ಚನ್ನಬಸವಯ್ಯ ತೊಡೆ ತಟ್ಟಿಕೊಂಡು ನಗಲು ಶುರುಮಾಡಿದ.

'ಎರಡು ರೂಪಾಯಾ? ಸ್ವೀಡನ್ನಿಗೂ ಅದೇ ಸುಳ್ಳು ಬರ್ದುಬುಟ್ಟಿದೀಯಾ ಮಾದೇವಣ್ಣ?' ಎಂದವನೇ ನಿಜವಾದ ಮೊತ್ತವನ್ನು ಒಂದು ಪೈಸೆ ಬಿಡದೆ ಬೀದಿಗೆ ಕೇಳುವಂತೆ ಹೇಳಿಬಿಟ್ಟ. ಅವನ ಮಗುವಿನ ನಾಮಕರಣಕ್ಕೆ ಪುಕ್ಕಟೆ ಮೈಕ್ ಸೆಟ್ ಕೊಟ್ಟು ಅವನ ಬಾಯಿ ಕಟ್ಟಿದ್ದೆ. ಅದೂ ಹೋಯಿತು.

ಎಲ್ಲರೂ ನಕ್ಕರು. ನಗು ನಿಲ್ಲಲಿ ಎಂದು ನಾನು ಮುಂದಿನ ಸಾಲು ಓದಿದೆ. ನಿಜವಾಗಿ ಇಳಿದಿದ್ದರೆ ಎಷ್ಟು ಕೊರೆ ಬೀಳಬೇಕಿತ್ತು ಎಂದು ನೀನು ಬರೆದ ಸಾಲು.

ಮೊದಲು ಸುಮ್ಮನಾದವನು ಬೀರಯ್ಯ. 'ಅಣ್ಣಾರೇ, ಅವತ್ತು ನಾ ಹೇಳ್ಲಿಲ್ವಾ? ಗಂಟೆ ಗಂಟೆಗೂ ಕಾಳು ಕಮ್ಮಿ ಬೀಳ್ತಾ ಅವೆ, ಸಾಕ್ ಮಾಡಿ ಅಂತ. ನೀವೇ, ಮುಂದಿನ ಗಂಟೇಲಿ ಬಡ್ಡಿ ಸಮೇತ ಬತ್ತವೆ ಅಂದ್ರಿ.'

ಚನ್ನಬಸವಯ್ಯನೂ ನಗು ನಿಲ್ಲಿಸಿದ. 'ಅಂದ್ರೆ ನಾನು ಗೆದ್ದಿದ್ದು ನಿನ್ ಮೇಲಲ್ವಾ? ಆ ಸೂರ್ಯ ಗೆಲ್ಸಿದ್ದಾ?'

ಉಳಿದದ್ದನ್ನು ನಾನು ಓದಲಿಲ್ಲ. ಹಿಂದೆ ನಿಂತಿದ್ದ ನಿಮ್ಮತ್ತೆ ಕಾಗದ ಕಿತ್ತುಕೊಂಡು ತಾನೇ ಅಕ್ಷರ ಕೂಡಿಸಿ ಕಡೆಯವರೆಗೆ ಓದಿದಳು. ಹೆಮ್ಮೆ ಇದೆ ಎಂದು ಬರೆದಿದ್ದೀಯಲ್ಲ, ಅಲ್ಲಿಗೆ ಬಂದು ನನ್ನ ಮುಖ ನೋಡಿದಳು. 'ಆ ಕೂಸು ಅಲ್ಲಿ ಗಂಟು ಕಟ್ತಾ ಅದೆ. ನಿಮ್ಗೆ ಇಲ್ಲಿ ಮೀಸೆ ಮಾತ್ರ ನೆಟ್ಟಗಿರ್ಬೇಕು. ಅಲ್ವಾ?'

ನಾನು ಚಪ್ಪಲಿ ಮೆಟ್ಟಿಕೊಂಡು ಸೀದಾ ತಂತಿ ಆಫೀಸಿಗೆ ನಡೆದೆ.

ಈಗ ನಡೆದದ್ದನ್ನು ನಡೆದಂತೆ ಕೇಳು. ಆಯುಧಪೂಜೆಯ ಬೆಳಿಗ್ಗೆ ಗೆರೆ ಎಳೆಯುವ ಲೇಖನಿ ಯಂತ್ರವನ್ನು ಬಿಚ್ಚಿ, ತೊಳೆದು, ಕುಂಕುಮ ಇಟ್ಟು, ಸ್ಕ್ರೂಡ್ರೈವರ್ ಕಟಿಂಗ್ ಪ್ಲೇಯರುಗಳ ಜೊತೆ ದೇವರ ಮುಂದೆ ಇಟ್ಟುಬಿಟ್ಟೆ. ದುಡಿಯುವ ಸಾಮಾನಿಗೆ ವರ್ಷಕ್ಕೊಂದು ದಿನವಾದರೂ ಬಿಡುವು ಬೇಡವೇ ಎಂದುಕೊಂಡೆ. ನಾಲ್ಕು ದಿನ ಅದು ಅಲ್ಲೇ ಇತ್ತು. ಕೊಳವೆಗಳು ಸೀಸದ ಒಳಗಿದ್ದುದರಿಂದ ಮುಟ್ಟಲಿಲ್ಲ, ಅವು ನಡೆಯುತ್ತಲೇ ಇದ್ದವು, ಹಾರನ್ನಿಗೆ ಹಾಡಿದ್ದೂ ಅವೇ. ಕಾಗದದ ಮೇಲೆ ಮಾತ್ರ ಗೆರೆ ಇಲ್ಲ. ನೆಟ್ಟಗೂ ಇಲ್ಲ, ಸೊಟ್ಟಗೂ ಇಲ್ಲ. ಸುರುಳಿ ಬಂದಾಗ ನೋಡುತ್ತೀಯ, ಆ ಜಾಗ ಬರಿದಾಗಿದೆ, ಅಂಚಿನಲ್ಲಿ ಕುಂಕುಮ ಅಂಟಿದೆ. ನೀನು ಕೇಳಿದಾಗ, ಹಬ್ಬಕ್ಕೆ ನಿಲ್ಲಿಸಿದೆ ಎಂದರೆ ಡಾಕ್ಟರ ಮುಂದೆ ನಿನಗೆ ಅವಮಾನ ಎಂದು ಎಂದಿನಂತೆ ನಡೆಯಿತು ಎಂದು ಬರೆದೆ. ಎಣಿಕೆ ಇಳಿದರೆ ಯಂತ್ರಕ್ಕೆ ಕೆಟ್ಟ ಹೆಸರು ಎಂದು ತಿಳಿದಿದ್ದೆ. ಇಳಿದದ್ದೇ ನಿನ್ನ ಒಡವೆ ಎಂದು ನನಗೆ ಹೇಗೆ ಗೊತ್ತಾಗಬೇಕು?

ಉಳಿದ ಸಾಕ್ಷಿ ಬೀರಯ್ಯನ ಬಾಯಿ, ನನ್ನ ಜೇಬು. ಬೀರಯ್ಯನ ಹುಣಸೆಬೀಜಗಳನ್ನು ಅದೇ ಸಂಜೆ ಹುಡುಗರು ಆಟಕ್ಕೆ ಒಯ್ದರು. ಗಂಟೆಗೊಂದು ಸಲ ಅವನು ಕೊರೆ ಕೂಗುವುದು, ಚನ್ನಬಸವಯ್ಯ ಕೈ ನೀಡುವುದು, ನಾನು ಗ್ಯಾಸ್‌ಲೈಟಿನ ಬತ್ತಿ ತರಿಸಲು ಇಟ್ಟಿದ್ದ ದುಡ್ಡಿನಿಂದ ಎಣಿಸಿ ಕೊಡುವುದು. ಒಂದು ಗಂಟೆಯೂ ನನ್ನ ಕಡೆ ಬರಲಿಲ್ಲ. ನಿನ್ನ ಮಾತು ಸುಳ್ಳಾಗಲಾರದು ಎಂದು ಕೂತೇ ಇದ್ದೆ. ಎದ್ದಿದ್ದರೆ ನಿನಗೆ ಈಗ ನಾಲ್ಕು ಗಂಟೆಯ ಲೆಕ್ಕ ಸಿಗುತ್ತಿರಲಿಲ್ಲ ಎಂಬುದನ್ನೂ ಡಾಕ್ಟರಿಗೆ ಹೇಳು.

ನಿನ್ನ ಪತ್ರ ನೋಡಿ ಲೆಕ್ಕ ಹೊಂದಿಸಿದ್ದಾನೆ ಎಂದು ಸಭೆಯವರು ಅನ್ನಬಹುದು. ಅದಕ್ಕೇ ಚನ್ನಬಸವಯ್ಯನ ಕೈಲಿ ಬೇರೆ ಕಾಗದದಲ್ಲಿ ಬರೆಸಿದ್ದೇನೆ, ನಿನ್ನ ಸಾಲು ಕಿವಿಗೆ ಬೀಳುವ ಮೊದಲೇ ತಾನು ಮೊತ್ತ ಹೇಳಿದ್ದು ನಿಜ ಎಂದು. ಬೀರಯ್ಯ ಹೆಬ್ಬೆಟ್ಟು ಒತ್ತಿದ್ದಾನೆ. ಎರಡನ್ನೂ ಒಳಗೆ ಇಟ್ಟಿದ್ದೇನೆ. ಬೋರಮ್ಮ ತಾನೂ ಒತ್ತುತ್ತೇನೆ ಎಂದಳು. 'ನೀನು ನೋಡಿಕೊಂಡದ್ದು ನಿನ್ನ ಸೊಂಟ ಮಾತ್ರ, ಬೇಡ' ಎಂದು ಅವಳಿಗೆ ಹೇಳಿದೆವು.

ನಿನ್ನ ಬೆಸುಗೆಗೆ ಚಳಿ ಹಿಡಿದಿರಲಿಲ್ಲ ಕೂಸೇ. ಆ ಹೊತ್ತಿಗೆ ನೀನು ಹಿಮದ ಗುಡಿಸಲಿನಲ್ಲಿ, ನಾವು ಲಷ್ಕರ್ ಮೊಹಲ್ಲಾದಲ್ಲಿ, ಒಂದೇ ಆಕಾಶದ ಒಂದೇ ಕೊರತೆ ಎಣಿಸುತ್ತಿದ್ದೆವು. ನೀನು ಅದನ್ನು ಗುರುತಿಸಿದೆ. ನಾನು ಕಾಸು ಕೊಟ್ಟು ಕೂತಿದ್ದೆ.

ಹತ್ತು ನಯಾಪೈಸೆಗೆ ಒಂದು ಕಾಳು. ಭಾಗಿಸುವ ಕೆಲಸ ನಿನಗೆ ಬಿಟ್ಟಿದ್ದೇನೆ. ಅತ್ತೆ ಬಾಗಿಲಲ್ಲಿ ನಿಂತು ನಾನು ಬರೆಯುವುದನ್ನೇ ನೋಡುತ್ತಿದ್ದಾಳೆ, ಬರೆದೇ ತೀರಬೇಕು. ಎರಡು ರೂಪಾಯಿ ಅಲ್ಲ. ಆಯುಧಪೂಜೆಯ ದಿನ ನಿನ್ನ ಮಾವ ಮಹದೇವು ಸೋತದ್ದು ಇಪ್ಪತ್ತಮೂರು ರೂಪಾಯಿ ಎಪ್ಪತ್ತು ನಯಾಪೈಸೆ.